ಪ್ರಶ್ನೋತ್ತರ: ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಾದವರು ಕೃತಕ ಸಿಹಿ ಬಿಟ್ಟ ಮೇಲೆ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮತ್ತು ಅವರ ಮನೆಯವರು ಇರುವ ಈ ಗುಂಪಿನಲ್ಲಿ ಇಂದು ಹನ್ನೊಂದರಿಂದ ಒಂದು ಗಂಟೆಯವರೆಗೆ ಆಹಾರ ತಜ್ಞೆಯವರು ಉತ್ತರಿಸುತ್ತಾರೆ. ವಿಷಯ ಕೃತಕ ಸಿಹಿಕಾರಕಗಳು ಮಾತ್ರ. ಯಾವ ಶಸ್ತ್ರಚಿಕಿತ್ಸೆ (ಹೊಟ್ಟೆಯನ್ನು ಕೊಳವೆಯಂತೆ ಕಿರಿದಾಗಿಸುವ ಸ್ಲೀವ್ ಅಥವಾ ಹೊಟ್ಟೆಯನ್ನು ಪುಟ್ಟ ಚೀಲವಾಗಿಸಿ ಸಣ್ಣ ಕರುಳಿಗೆ ಜೋಡಿಸುವ ಬೈಪಾಸ್), ಎಷ್ಟು ಕಾಲವಾಯಿತು, ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನು ಬರೆದೇ ಪ್ರಶ್ನೆ ಕೇಳಬೇಕು. ಧ್ವನಿ ಸಂದೇಶ ಬೇಡ, ಫಾರ್ವರ್ಡ್ ಬೇಡ.

ತುಮಕೂರಿನ ಸದಸ್ಯೆ: ಮೇಡಂ, ನನಗೆ ಸ್ಲೀವ್ ಆಗಿ ಐದು ವಾರವಾಯಿತು, ಸಕ್ಕರೆ ಕಾಯಿಲೆ ಇಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಡಯಟ್ ಚೀಟಿಯ ಮೊದಲ ಪುಟದಲ್ಲಿ ಕೃತಕ ಸಿಹಿಕಾರಕಗಳನ್ನು ಬಳಸಬಾರದು ಎಂದಿದೆ. ಎರಡನೆಯ ಪುಟದಲ್ಲಿ ಬರೆದಿರುವ ಪ್ರೋಟೀನ್ ಪುಡಿಯ ಡಬ್ಬಿಯನ್ನು ತಿರುಗಿಸಿ ನೋಡಿದರೆ ಅದರಲ್ಲಿ ಸುಕ್ರಲೋಸ್ ಇದೆ. ಯಾವ ಪುಟವನ್ನು ನಂಬಲಿ?

ಆಹಾರ ತಜ್ಞೆ: ಸದ್ಯಕ್ಕೆ ಎರಡನೆಯ ಪುಟವನ್ನು ನಂಬಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಹೊಟ್ಟೆಗೆ ಹೋಗಬೇಕು, ಈ ಐದನೆಯ ವಾರದಲ್ಲಿ ಬೇಳೆ, ಮೊಟ್ಟೆ, ಮೊಸರಿನಿಂದಲೇ ಅಷ್ಟನ್ನು ತುಂಬಿಸುವುದು ಬಹುಪಾಲು ಜನರಿಗೆ ಆಗುವುದಿಲ್ಲ. ಪುಡಿಯಲ್ಲಿರುವ ಚೂರು ಸುಕ್ರಲೋಸ್‌ಗೆ ಹೆದರಿ ಪುಡಿಯನ್ನೇ ನಿಲ್ಲಿಸಿದವರ ಸ್ನಾಯು ಕರಗುವುದನ್ನು ನಾನು ನೋಡಿದ್ದೇನೆ. ಆದರೆ ಮೊದಲ ಪುಟಕ್ಕೂ ಅರ್ಥವಿದೆ. ತೂಕ ಇಳಿಸುವ ಉದ್ದೇಶಕ್ಕೆ ಇಂಥ ಸಿಹಿಕಾರಕಗಳನ್ನು ಅವಲಂಬಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಷರತ್ತುಬದ್ಧ ಸಲಹೆ ನೀಡಿದೆ, ದೀರ್ಘಕಾಲದಲ್ಲಿ ಅವುಗಳಿಂದ ಕೊಬ್ಬು ಇಳಿದದ್ದಕ್ಕೆ ಆಧಾರ ಕಾಣಲಿಲ್ಲ ಎಂಬುದು ಅದರ ಕಾರಣ. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ.

ನಿಮಗೆ ಎರಡೂ ಪುಟ ಒಪ್ಪುವ ದಾರಿಯೊಂದಿದೆ. ಸಿಹಿಯಾಗಲೀ ಪರಿಮಳವಾಗಲೀ ಇಲ್ಲದ ಸಪ್ಪೆ ವೇ (ಹಾಲಿನ ಪ್ರೋಟೀನ್) ಪುಡಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಉಪ್ಪು, ಜೀರಿಗೆ ಹಾಕಿದ ತಿಳಿಮಜ್ಜಿಗೆಗೋ ಉಗುರುಬೆಚ್ಚಗಿನ ಹೆಸರುಬೇಳೆ ಕಟ್ಟಿಗೋ ಕದಡಿ ಕುಡಿಯಿರಿ. ಕುದಿಯುವ ಸಾರಿಗೆ ಹಾಕಿದರೆ ಹಾಲು ಒಡೆದ ಹಾಗೆ ಗಂಟು ಕಟ್ಟುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ. ಡಬ್ಬಿಯ ಹಿಂದೆ ಹೆಸರಿನ ಬದಲು ಸಂಖ್ಯೆಗಳಷ್ಟೇ ಇರುವುದುಂಟು: 950 ಅಸಿಸಲ್ಫೇಮ್, 951 ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್, 960 ಸ್ಟೀವಿಯಾ. ಶಸ್ತ್ರಚಿಕಿತ್ಸೆಯ ನಂತರ ಹಲವರಿಗೆ ಸಿಹಿ ಮೊದಲಿಗಿಂತ ಗಾಢವಾಗಿ, ವಾಕರಿಕೆ ಬರುವಷ್ಟು ತಟ್ಟುತ್ತದೆ. ನಾಲಿಗೆ ಹೀಗಿರುವ ತಿಂಗಳುಗಳಲ್ಲಿ ಸಿಹಿಯ ಚಟ ಬಿಡಿಸಿಕೊಳ್ಳುವುದು ಸುಲಭ.

ಹಾಸನದ ಸದಸ್ಯ: ಸಿಹಿಕಾರಕದ ಬದಲು ಜೇನುತುಪ್ಪ ಬಳಸಬಹುದೇ ಮೇಡಂ? ಬೈಪಾಸ್ ಆಗಿ ಒಂದು ವರ್ಷವಾಯಿತು.

ಆಹಾರ ತಜ್ಞೆ: ಬೇಡ. ಜೇನು ಸಕ್ಕರೆಯೇ. ನೂರು ಗ್ರಾಮಿಗೆ ಸುಮಾರು 300 ಕ್ಯಾಲರಿ.

ತೀರ್ಥಹಳ್ಳಿಯ ಸದಸ್ಯೆ: ಮೇಡಂ, ನನ್ನ ಅಕ್ಕನ ವಿಚಾರ. ಅವಳಿಗೆ 52 ವರ್ಷ, ಬೈಪಾಸ್ ಆಗಿ ಹದಿನಾರು ತಿಂಗಳಾಯಿತು. ಮೊದಲು ಸಕ್ಕರೆ ಕಾಯಿಲೆ ಇತ್ತು, ಶಸ್ತ್ರಚಿಕಿತ್ಸೆಯ ನಂತರ ಮಾತ್ರೆ ನಿಲ್ಲಿಸಿದ್ದರು. ಕಾಫಿಗೆ ಸಿಹಿಕಾರಕದ ಪೊಟ್ಟಣ ಹಾಕಿಕೊಳ್ಳುತ್ತಿದ್ದವಳು, ಅದು ವಿಷವೆಂಬ ವಿಡಿಯೋ ನೋಡಿ ಮೂರು ತಿಂಗಳ ಹಿಂದೆ ಬಿಟ್ಟಳು. ಈಗ ಬೆಳಿಗ್ಗೆ ದೊಡ್ಡ ಲೋಟದ ತುಂಬ ತೆಳ್ಳನೆಯ ರಾಗಿ ಗಂಜಿ, ಅದಕ್ಕೆ ಎರಡು ದೊಡ್ಡ ಚಮಚ ಜೋನಿಬೆಲ್ಲ. ಕುಡಿದು ಎರಡು ಗಂಟೆಗೆ ಬೆವರುತ್ತಾಳೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಬಿ.ಪಿ. ಇಳಿದಿದೆ ಎಂದು ಅಕ್ಕಪಕ್ಕದವರು ಬೆಲ್ಲದ ಪಾನಕ ಕುಡಿಸುತ್ತಾರೆ, ಸುಧಾರಿಸುತ್ತದೆ, ಮಧ್ಯಾಹ್ನ ಮತ್ತೆ ಅದೇ ಕಥೆ. ಮೊನ್ನೆ ಬಚ್ಚಲಿನಲ್ಲಿ ಹಂಡೆಯ ಪಕ್ಕ ಕುಸಿದು ಬಿದ್ದಿದ್ದಳು. ಗ್ಲುಕೋಮೀಟರ್‌ನಲ್ಲಿ ನೋಡಿದರೆ 48 ಇತ್ತು. ಸಿಹಿಕಾರಕ ನಿಲ್ಲಿಸಿದ್ದರಿಂದ ಹೀಗಾಗುತ್ತಿದೆಯೇ?

ಆಹಾರ ತಜ್ಞೆ: ಉಳಿದವರು ಸ್ವಲ್ಪ ತಡೆಯಿರಿ. ಅಕ್ಕ ಈಗ ಯಾವುದಾದರೂ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದಾರೆಯೇ? ಹೆಸರು ನೋಡಿ ಹೇಳಿ.

ತೀರ್ಥಹಳ್ಳಿಯ ಸದಸ್ಯೆ: ಒಂದು ತಿಂಗಳಿಂದ ನುಂಗುತ್ತಿದ್ದಾಳೆ ಮೇಡಂ. ಗಂಜಿ ಕುಡಿದು ಒಂದು ಗಂಟೆಗೆ ಪರೀಕ್ಷಿಸಿದಾಗ 238 ಬಂತೆಂದು, ಮನೆಯಲ್ಲಿ ಉಳಿದಿದ್ದ ಹಳೆಯ ಗ್ಲಿಮೆಪಿರೈಡ್ ಮಾತ್ರೆಯನ್ನು ಅವಳೇ ಶುರು ಮಾಡಿದ್ದಾಳೆ. ಇವತ್ತು ಬೆಳಿಗ್ಗೆಯೂ ನುಂಗಿದ್ದಾಳೆ.

ಆಹಾರ ತಜ್ಞೆ: ಮೊದಲು ಮಾಡಬೇಕಾದದ್ದನ್ನು ಹೇಳುತ್ತೇನೆ. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಈಗಲೇ ಫೋನ್ ಮಾಡಿ, 48 ಎಂಬ ಅಂಕಿಯನ್ನೂ ಈ ಮಾತ್ರೆಯ ಹೆಸರನ್ನೂ ತಿಳಿಸಿ. ವೈದ್ಯರು ಹೇಳದೆ ಮುಂದಿನ ಮಾತ್ರೆ ಬಾಯಿಗೆ ಹೋಗಬಾರದು. 54ಕ್ಕಿಂತ ಕೆಳಗಿನ ಅಂಕಿಯನ್ನು ಗಂಭೀರವೆಂದೇ ಎಣಿಸಬೇಕು, ಮಾತು ತೊದಲಿದೆಯೆಂದರೆ ಮಿದುಳಿಗೆ ಗ್ಲೂಕೋಸ್ ಸಾಲುತ್ತಿಲ್ಲವೆಂದರ್ಥ.

ಇನ್ನು ಕಾರಣ. ಪೊಟ್ಟಣ ನಿಲ್ಲಿಸಿದ್ದರಿಂದ ಇದಾಗಿಲ್ಲ, ಅದರ ಜಾಗಕ್ಕೆ ಬಂದದ್ದರಿಂದ ಆಗಿದೆ. ಬೈಪಾಸ್ ಆದವರ ಹೊಟ್ಟೆ ಒಂದು ಪುಟ್ಟ ಚೀಲದಷ್ಟೇ ಉಳಿದಿರುತ್ತದೆ, ತಿಂದದ್ದನ್ನು ಹಿಡಿದಿಟ್ಟು ಸ್ವಲ್ಪಸ್ವಲ್ಪವಾಗಿ ಬಿಡುವ ಬಾಗಿಲು ಅಲ್ಲಿಲ್ಲ. ತೆಳ್ಳನೆಯ ಗಂಜಿಯೂ ಅದರಲ್ಲಿ ಕರಗಿದ 25ರಿಂದ 30 ಗ್ರಾಂ ಸಕ್ಕರೆಯೂ ನೇರವಾಗಿ ಸಣ್ಣ ಕರುಳಿಗೆ ಇಳಿದು ಒಮ್ಮೆಲೇ ರಕ್ತಕ್ಕೆ ಸೇರುತ್ತವೆ. ನೀವು ಒಂದು ಗಂಟೆಗೆ ಕಂಡ 238 ಅದೇ. ಅದನ್ನು ಕಂಡು ಕರುಳಿನ ಹಾರ್ಮೋನುಗಳ ಒತ್ತಾಯಕ್ಕೆ ಮೇದೋಜೀರಕ ಗ್ರಂಥಿ ಬೇಕಾದದ್ದಕ್ಕಿಂತ ಹೆಚ್ಚು ಇನ್ಸುಲಿನ್ ಸುರಿಸುತ್ತದೆ, ಒಂದರಿಂದ ಮೂರು ಗಂಟೆಯೊಳಗೆ ಸಕ್ಕರೆ ಕೆಳಕ್ಕೆ ಬೀಳುತ್ತದೆ. ಇದನ್ನು ತಡವಾದ ಡಂಪಿಂಗ್ ಎನ್ನುತ್ತಾರೆ, ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಅಕ್ಕ ಮೇಲಿನ ಅಂಕಿಯನ್ನು ಮಾತ್ರ ನೋಡಿ, ಇನ್ನಷ್ಟು ಇನ್ಸುಲಿನ್ ಹಿಂಡುವ ಮಾತ್ರೆಯನ್ನು ಅದರ ಮೇಲೆ ಹೇರಿದ್ದಾರೆ. ಏರಿದ್ದಕ್ಕೂ ಇಳಿದದ್ದಕ್ಕೂ ಅದೇ ಒಂದು ಲೋಟ ಕಾರಣ.

ಸಕ್ಕರೆ ಇಳಿದಾಗ ಎಚ್ಚರವಿದ್ದರೆ ಮೂರು ಚಿಕ್ಕ ಚಮಚ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಕೊಡಿ, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಏರಿದ ಮೇಲೆ ಒಂದು ಬೇಯಿಸಿದ ಮೊಟ್ಟೆಯೋ ಒಂದು ಹಿಡಿ ಹುರಿಗಡಲೆಯೋ ತಿನ್ನಲಿ, ಇಲ್ಲವಾದರೆ ಪಾನಕದಿಂದಲೇ ಮುಂದಿನ ಕುಸಿತ ಶುರುವಾಗುತ್ತದೆ. ಸಕ್ಕರೆ ಇಳಿದ ಹೊತ್ತಿನಲ್ಲಿ ಶುಗರ್‌ಲೆಸ್ ಪಾನೀಯ ಕೊಟ್ಟರೆ ನೀರು ಕೊಟ್ಟಷ್ಟೇ ಉಪಯೋಗ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ನಾಳೆಯಿಂದ ಗಂಜಿಯ ಬದಲು ಗಟ್ಟಿ ಆಹಾರ, ಅದರಲ್ಲೂ ಮೊದಲು ಪ್ರೋಟೀನ್, ಆಮೇಲೆ ಪಲ್ಯ, ಕೊನೆಯಲ್ಲಿ ಒಂದು ತುಂಡು ರೊಟ್ಟಿ. ಆಸ್ಪತ್ರೆಯವರು ಏನೆಂದರೆಂಬುದನ್ನು ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.

ಚಿತ್ರದುರ್ಗದ ಸದಸ್ಯೆ: ಖರ್ಜೂರದ ಪುಡಿ ಬಳಸಬಹುದೇ?

ಆಹಾರ ತಜ್ಞೆ: ಮೇಲಿನ ಉತ್ತರವನ್ನು ಓದಿ.

ದಾವಣಗೆರೆಯ ಸದಸ್ಯ: ಎಲ್ಲರ ಒಳಿತಿಗಾಗಿ, ಬಂದದ್ದನ್ನು ಹಾಗೇ ಹಂಚಿಕೊಳ್ಳುತ್ತಿದ್ದೇನೆ: «ಆಸ್ಪರ್ಟೇಮ್ ದೇಹದಲ್ಲಿ ಮೆಥನಾಲ್ ಆಗಿ ಕಣ್ಣು ಕಳೆಯುತ್ತದೆ, ಕ್ಯಾನ್ಸರ್ ತರುತ್ತದೆ. ಬದಲಿಗೆ ಕಲ್ಲುಸಕ್ಕರೆ, ಮಧುನಾಶಿನಿ ಎಲೆ, ಜೀರಿಗೆಯ ಕಷಾಯವನ್ನು ಖಾಲಿ ಹೊಟ್ಟೆಯಲ್ಲಿ 21 ದಿನ ಕುಡಿಯಿರಿ. ಹತ್ತು ಗುಂಪುಗಳಿಗೆ ಕಳುಹಿಸಿ.»

ಆಹಾರ ತಜ್ಞೆ: ಫಾರ್ವರ್ಡ್ ಬೇಡವೆಂದು ಮೊದಲ ಸಾಲಿನಲ್ಲೇ ಬರೆದಿತ್ತು. ಆಸ್ಪರ್ಟೇಮ್‌ನಿಂದ ಚೂರು ಮೆಥನಾಲ್ ಹುಟ್ಟುವುದು ನಿಜ. ಒಂದು ಲೋಟ ಟೊಮೆಟೊ ರಸದಿಂದ ಅದಕ್ಕಿಂತ ಹೆಚ್ಚು ಹುಟ್ಟುತ್ತದೆ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆಸ್ಪರ್ಟೇಮನ್ನು ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ 2ಬಿ ಪಟ್ಟಿಗೆ ಸೇರಿಸಿದ್ದೂ ನಿಜ. ಆ ಪಟ್ಟಿಯಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ ಇದೆ, ಇದೇ ಗುಂಪಿನಲ್ಲಿ ಕಳೆದ ವಾರ ಲೋಳೆಸರದ ರಸದ ಮಹಿಮೆಯನ್ನು ನಾಲ್ಕು ಮಂದಿ ಹಂಚಿದ್ದರು. ದಿನಕ್ಕೆ ದೇಹದ ತೂಕದ ಕಿಲೋವೊಂದಕ್ಕೆ 40 ಮಿಲಿಗ್ರಾಂ ಎಂಬ ಆಸ್ಪರ್ಟೇಮ್‌ನ ಮಿತಿಯನ್ನು ಅದೇ ತಿಂಗಳು ಮತ್ತೊಂದು ಅಂತರರಾಷ್ಟ್ರೀಯ ಸಮಿತಿ ಪರಿಶೀಲಿಸಿ ಬದಲಾಯಿಸದೆ ಉಳಿಸಿತು. ಕಲ್ಲುಸಕ್ಕರೆ ಎಂದರೆ ಹರಳುಗಟ್ಟಿದ ಸಕ್ಕರೆ, ಅಷ್ಟೇ. ಮಧುನಾಶಿನಿ ನಾಲಿಗೆಯ ಸಿಹಿಯ ರುಚಿಯನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ರಕ್ತದ ಸಕ್ಕರೆಯನ್ನೂ ಇಳಿಸಬಲ್ಲದು. ಮೇಲೆ ಬರೆದ ಅಕ್ಕನಂಥವರು ಮಾತ್ರೆಯ ಜೊತೆ ಈ ಕಷಾಯವನ್ನೂ ಕುಡಿದರೆ ಏನಾಗುತ್ತದೆಂದು ಹತ್ತು ಗುಂಪುಗಳಿಗೆ ಕಳುಹಿಸುವ ಮೊದಲು ಯೋಚಿಸಬೇಕಿತ್ತು.

ಮಂಡ್ಯದ ಸದಸ್ಯ: ಮೇಡಂ, ಬೆಲ್ಲವನ್ನು ಸಕ್ಕರೆಯ ಸಾಲಿಗೆ ಸೇರಿಸುವುದು ತಪ್ಪು. ನಮ್ಮ ತಾತ ಆಲೆಮನೆ ನಡೆಸಿದವರು. ದಿನಾ ಬೆಲ್ಲ ತಿಂದೇ ತೊಂಬತ್ತು ವರ್ಷ ಬದುಕಿದರು.

ಧಾರವಾಡದ ಸದಸ್ಯೆ: ನಿಮ್ಮ ತಾತನವರ ಹೊಟ್ಟೆಯನ್ನು ಯಾರೂ ಕತ್ತರಿಸಿ ಹೊಲಿದಿರಲಿಲ್ಲ ಸರ್. ಕಬ್ಬಿನ ಗದ್ದೆಯಲ್ಲಿ ದುಡಿದು ತಿಂದವರ ಲೆಕ್ಕವನ್ನು ಕುರ್ಚಿಯಲ್ಲಿ ಕೂತು ತಿನ್ನುವ ನಾವು ಹೇಳಬಾರದು.

ಮಂಡ್ಯದ ಸದಸ್ಯ: ನಾನು ಮೇಡಂ ಅವರನ್ನು ಕೇಳಿದೆ, ನಿಮ್ಮನ್ನಲ್ಲ. ಬೆಲ್ಲದಲ್ಲಿ ಕಬ್ಬಿಣದ ಅಂಶವಿದೆ ಎಂಬುದು ಎಲ್ಲರಿಗೂ ಗೊತ್ತು.

ಧಾರವಾಡದ ಸದಸ್ಯೆ: ಅದನ್ನು ನಂಬಿಯೇ ನಾನು ಕಬ್ಬಿಣದ ಮಾತ್ರೆ ಬಿಟ್ಟು, ಹಿಮೋಗ್ಲೋಬಿನ್ 7ಕ್ಕೆ ಇಳಿದು, ಡ್ರಿಪ್ ಹಾಕಿಸಿಕೊಂಡು ಬಂದವಳು. ಗೊತ್ತಿಲ್ಲದೆ ಮಾತನಾಡುತ್ತಿಲ್ಲ.

ಬೆಂಗಳೂರಿನ ಸದಸ್ಯೆ: ನಾನು ಐದು ತಿಂಗಳ ಗರ್ಭಿಣಿ, ಬೈಪಾಸ್ ಆಗಿ ಎರಡು ವರ್ಷವಾಯಿತು. ನಾಳೆ ಲ್ಯಾಬಿನಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಯಬೇಕಂತೆ. ಸಿಹಿಕಾರಕವನ್ನೇ ಮುಟ್ಟದ ನಾನು ಅದನ್ನು ಕುಡಿಯಬಹುದೇ?

ಆಹಾರ ತಜ್ಞೆ: ಕುಡಿಯಬೇಡಿ. ಡಂಪಿಂಗ್ ಆಗುವ ಸಂಭವವಿದೆ. ಬೈಪಾಸ್ ಆಗಿದೆಯೆಂದು ನಿಮ್ಮ ಸ್ತ್ರೀರೋಗ ತಜ್ಞರಿಗೆ ಇವತ್ತೇ ತಿಳಿಸಿ. ಬದಲಿಗೆ ಕೆಲವು ದಿನ ಮನೆಯಲ್ಲೇ ಊಟಕ್ಕೆ ಮೊದಲು ಮತ್ತು ನಂತರ ಪರೀಕ್ಷಿಸಿ ಬರೆದಿಡುವ ಕ್ರಮವಿದೆ.

ಬೆಳಗಾವಿಯ ಸದಸ್ಯ: ಸ್ಲೀವ್ ಆಗಿ ಎಂಟು ತಿಂಗಳಾಯಿತು. ಬೇಕರಿಯ ಶುಗರ್‌ಲೆಸ್ ಬರ್ಫಿಯನ್ನು ನಾಲ್ಕು ತುಂಡು ತಿಂದೆ, ರಾತ್ರಿಯಿಡೀ ಹೊಟ್ಟೆ ಗುಡುಗಿ ಭೇದಿಯಾಯಿತು. ಹಾಳಾಗಿತ್ತೇ?

ಆಹಾರ ತಜ್ಞೆ: ಹಾಳಾಗಿರಲಿಕ್ಕಿಲ್ಲ, ಮಾಲ್ಟಿಟಾಲ್ ಎಂಬ ಸಿಹಿಕಾರಕ ಇದ್ದಿರಬೇಕು. ಪೊಟ್ಟಣದ ಮೇಲೆ 965 (ಮಾಲ್ಟಿಟಾಲ್) ಅಥವಾ 420 (ಸಾರ್ಬಿಟಾಲ್) ಇದೆಯೇ ನೋಡಿ. ಇವು ಪೂರ್ತಿ ಹೀರಲ್ಪಡದೆ ಕರುಳಿಗೆ ನೀರನ್ನು ಸೆಳೆಯುತ್ತವೆ. ಮಾಲ್ಟಿಟಾಲ್ ಸ್ವಲ್ಪಮಟ್ಟಿಗೆ ಸಕ್ಕರೆಯನ್ನೂ ಏರಿಸುತ್ತದೆ, ಆದ್ದರಿಂದ ಶುಗರ್‌ಲೆಸ್ ಎಂಬ ಪದವನ್ನು ನಂಬಿ ನಾಲ್ಕು ತುಂಡು ತಿನ್ನಬಾರದು. ಗೋಡಂಬಿ, ತುಪ್ಪದ ಲೆಕ್ಕವನ್ನು ನಾನು ಎತ್ತುವುದೇ ಇಲ್ಲ.

ಉಡುಪಿಯ ಸದಸ್ಯೆ: ಮನೆಯಲ್ಲೇ ಬೆಳೆಸಿದ ಸ್ಟೀವಿಯಾ ಎಲೆಯನ್ನು ಚಹಾಕ್ಕೆ ಹಾಕಬಹುದೇ?

ಹಾಸನದ ಸದಸ್ಯ: ಶುದ್ಧ ಕಾಡುಜೇನಾದರೆ ನಡೆಯುತ್ತದೆಯೇ ಮೇಡಂ?

ಆಹಾರ ತಜ್ಞೆ: ಇಲ್ಲ. ಕಾಡಿನದಾಗಲಿ, ಪೆಟ್ಟಿಗೆಯದಾಗಲಿ, ನಿಮ್ಮ ಕರುಳಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಮಂಡ್ಯದ ಸದಸ್ಯ: ಜೇನೂ ಬೇಡ, ಬೆಲ್ಲವೂ ಬೇಡ, ಖರ್ಜೂರವೂ ಬೇಡ, ಆದರೆ ಸುಕ್ರಲೋಸ್ ಇರುವ ಪುಡಿ ಮಾತ್ರ ಆಗಬಹುದಂತೆ. ಈ ಸಲಹೆಯಿಂದ ಯಾರಿಗೆ ಲಾಭವೆಂದು ಸದಸ್ಯರೇ ಯೋಚಿಸಲಿ.

ಆಹಾರ ತಜ್ಞೆ: ನಾನು ಯಾವ ಕಂಪನಿಯ ಹೆಸರನ್ನೂ ಇಲ್ಲಿ ಬರೆದಿಲ್ಲ, ಸಪ್ಪೆ ಪುಡಿಯನ್ನು ಮಜ್ಜಿಗೆಗೆ ಕದಡಿ ಎಂದಿದ್ದೇನೆ. ನನ್ನ ಭಾನುವಾರವನ್ನು ಬಿಟ್ಟು ಪುಕ್ಕಟೆಯಾಗಿ ಕೂತು ಬರೆಯುತ್ತಿರುವವಳಿಗೆ ಈ ಮಾತು ಬೇಕಾಗಿರಲಿಲ್ಲ. ಸುಕ್ರಲೋಸ್ ಒಳ್ಳೆಯದೆಂದೂ ನಾನು ಹೇಳಿಲ್ಲ. ಸ್ಯಾಕರಿನ್ ಮತ್ತು ಸುಕ್ರಲೋಸ್ ಕೆಲವರಲ್ಲಿ ಕರುಳಿನ ಸೂಕ್ಷ್ಮಜೀವಿಗಳನ್ನೂ ಸಕ್ಕರೆಯ ಏರಿಳಿತವನ್ನೂ ಬದಲಿಸಿದ್ದನ್ನು ಇಸ್ರೇಲಿನ ಸಂಶೋಧಕರು 2022ರಲ್ಲಿ 120 ಜನರ ಮೇಲಿನ ಪ್ರಯೋಗದಲ್ಲಿ ಕಂಡಿದ್ದಾರೆ. ಬಿಡಬಹುದಾದವರು ಬಿಡಲಿ. ಬಿಟ್ಟ ಜಾಗಕ್ಕೆ ಬೆಲ್ಲ ತರಬೇಡಿ ಎನ್ನುವುದನ್ನು ಬೆಳಿಗ್ಗೆಯಿಂದ ಹೇಳುತ್ತಿದ್ದೇನೆ.

ಧಾರವಾಡದ ಸದಸ್ಯೆ: ಮಂಡ್ಯದ ಸರ್ ಕ್ಷಮೆ ಕೇಳಬೇಕು.

ಮಂಡ್ಯದ ಸದಸ್ಯ: ಪ್ರಶ್ನೆ ಕೇಳಿದ್ದಕ್ಕೆ ಕ್ಷಮೆ ಕೇಳುವ ಗುಂಪಾದರೆ ನನಗೆ ಬೇಡ.

ನಿರ್ವಾಹಕರು: ಇಬ್ಬರೂ ನಿಲ್ಲಿಸಬೇಕಾಗಿ ವಿನಂತಿ. ಸಮಯ ಒಂದು ಗಂಟೆಯಾಗಿದೆ, ಹೊಸ ಪ್ರಶ್ನೆಗಳು ಬೇಡ.

ಕಲಬುರಗಿಯ ಸದಸ್ಯೆ: ನನ್ನ ಕೂದಲು ಉದುರುವುದಕ್ಕೆ ಸಿಹಿಕಾರಕವೇ ಕಾರಣವೇ ಎಂದು ಹನ್ನೊಂದೂವರೆಗೇ ಕೇಳಿದ್ದೆ.

ತೀರ್ಥಹಳ್ಳಿಯ ಸದಸ್ಯೆ: ಮೇಡಂ, ಆಸ್ಪತ್ರೆಯ ವೈದ್ಯರು ಮಾತನಾಡಿದರು. ಮಾತ್ರೆಯನ್ನು ಪೂರ್ತಿ ನಿಲ್ಲಿಸಿದ್ದಾರೆ, ನಾಳೆ ಬೆಳಿಗ್ಗೆ ಅಂಕಿಗಳನ್ನು ಬರೆದುಕೊಂಡು ಬರಲು ಹೇಳಿದ್ದಾರೆ. ಈಗ ಮೊಟ್ಟೆ, ಹುರುಳಿಕಾಯಿ ಪಲ್ಯ, ಅರ್ಧ ರೊಟ್ಟಿ ತಿಂದಿದ್ದಾಳೆ. ಮಲೆನಾಡಿನವಳಿಗೆ ಜೋನಿಬೆಲ್ಲ ಬಿಡು ಎನ್ನಲು ಅವರ್ಯಾರು ಎಂದು ನನ್ನ ಮೇಲೆ ಸಿಟ್ಟಾಗಿದ್ದಾಳೆ.

ಆಹಾರ ತಜ್ಞೆ: ಸಿಟ್ಟಾಗಲಿ, ಸಿಟ್ಟಾಗುವಷ್ಟು ಎಚ್ಚರವಿರುವುದೇ ಒಳ್ಳೆಯದು. ಬೆಳಿಗ್ಗೆ ನುಂಗಿದ ಮಾತ್ರೆಯ ಪ್ರಭಾವ ಸುಮಾರು ಇಡೀ ದಿನ ಉಳಿಯುತ್ತದೆ. ಆದ್ದರಿಂದ ಇವತ್ತು ರಾತ್ರಿ ನೀವು ಅವರ ಕೋಣೆಯಲ್ಲೇ ಮಲಗಿ, ಮಲಗುವ ಮೊದಲು ಒಮ್ಮೆ, ಎರಡು ಗಂಟೆಯ ಹೊತ್ತಿಗೆ ಎಬ್ಬಿಸಿ ಇನ್ನೊಮ್ಮೆ ಪರೀಕ್ಷಿಸಿ. 70ಕ್ಕಿಂತ ಕೆಳಗಿದ್ದರೆ ಗ್ಲೂಕೋಸ್ ನೀರು, ಹದಿನೈದು ನಿಮಿಷದಲ್ಲಿ ಏರದಿದ್ದರೆ ಬೆಳಗಾಗುವವರೆಗೆ ಕಾಯದೆ ಹೊರಡಿ. ಗ್ಲೂಕೋಸ್ ಡಬ್ಬಿಯೂ ಪರೀಕ್ಷೆಯ ಪಟ್ಟಿಗಳೂ ಮನೆಯಲ್ಲಿವೆಯೇ, ಅಂಗಡಿ ಮುಚ್ಚುವ ಮೊದಲು ಈಗಲೇ ನೋಡಿಕೊಳ್ಳಿ.