ಮಂಗೋಲಿಯಾದ ಕೊರಿಯನ್ ಡಾಕ್ಟರ್: ವೈದ್ಯಕೀಯ ಬರೀ ನೆಪವಾಗಿತ್ತಾ?

ಓದುಹುಳ:
ಉಲಾನ್‌ಬಾತರ್‌ನಲ್ಲಿ ಲೀ ತೇ ಜೂನ್ ಅನ್ನೋ ಕೊರಿಯನ್ ವೈದ್ಯರ ಹೆಸರಲ್ಲಿ ಒಂದು ಸ್ಮಾರಕ ಉದ್ಯಾನ ಇದೆಯಂತೆ. ಕೊರಿಯಾ ಜಪಾನಿನ ಕೈಯಲ್ಲಿದ್ದಾಗ ಅಷ್ಟು ದೂರ ಹೋಗಿ ಆಸ್ಪತ್ರೆ ತೆರೆದಿದ್ದು ಯಾಕೆ? ಸ್ವಾತಂತ್ರ್ಯ ಹೋರಾಟ ಮುಚ್ಚಿಡೋಕೆ ಡಾಕ್ಟರ್ ವೇಷ ಹಾಕಿದ್ರಾ, ಇಲ್ಲಾ ನಿಜಕ್ಕೂ ಸೇವೆ ಮಾಡಿದ್ರಾ?

ಹಳೇಪುಟ:
ವೇಷ ಅಲ್ಲವೇ ಅಲ್ಲ. ಸೋಲ್‌ನ ಸೆವೆರೆನ್ಸ್ ವೈದ್ಯಕೀಯ ಶಾಲೆಯಲ್ಲಿ 1911ರಲ್ಲಿ ಓದು ಮುಗಿಸಿದವರು. ಅಷ್ಟರಲ್ಲಾಗಲೇ ಸ್ವಾತಂತ್ರ್ಯ ಹೋರಾಟದ ನಾಯಕ ಆನ್ ಚಾಂಗ್ ಹೋ ಅವರ ಪರಿಚಯ ಆಗಿ, ಹೋರಾಟಗಾರರ ಗುಟ್ಟಿನ ಸಂಘಟನೆಯ ನಂಟು ಬೆಳೆದಿತ್ತು. ಆಗಲೇ ಜಪಾನಿಗಳು ನೂರಾರು ಜನರನ್ನು ಹಿಡಿದು 105 ಜನರಿಗೆ ಶಿಕ್ಷೆ ಕೊಡಿಸಿದ ಪ್ರಕರಣ ಶುರುವಾಯ್ತು. ಇವರು ಚೀನಾದ ನಾನ್‌ಜಿಂಗ್‌ಗೆ ತಪ್ಪಿಸಿಕೊಂಡು, ಅಲ್ಲೊಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. 1914ರಲ್ಲಿ ಇನ್ನೊಬ್ಬ ಹೋರಾಟಗಾರ ಕಿಮ್ ಕ್ಯು ಸಿಕ್ ಜೊತೆ ಮಂಗೋಲಿಯಾಕ್ಕೆ ಹೋದರು. ಅಲ್ಲಿ ಗುಟ್ಟಾಗಿ ಒಂದು ಸೈನಿಕ ಶಾಲೆ ತೆರೆಯಬೇಕು ಅನ್ನೋದು ಯೋಜನೆ. ಅದು ಕೈಗೂಡಲಿಲ್ಲ, ಆದರೆ ಆಸ್ಪತ್ರೆ ನಿಂತಿತು. ಆಗ ಅಲ್ಲಿ ಸಿಫಿಲಿಸ್ ರೋಗ ತುಂಬಾ ಹರಡಿತ್ತು, ಹೊಸ ಔಷಧ ಗೊತ್ತಿದ್ದ ವೈದ್ಯರು ಸಿಗೋದು ಕಷ್ಟ. ರೋಗ ವಾಸಿ ಮಾಡುವ ಡಾಕ್ಟರ್ ಅಂತ ಹೆಸರು ಬಂದು, ಕೊನೆಗೆ ದೊರೆ ಬೊಗ್ದ್ ಖಾನ್‌ನ ವೈದ್ಯರೂ ಆದರು. 1919ರಲ್ಲಿ ಮಂಗೋಲಿಯಾ ಸರ್ಕಾರ ಅವರಿಗೆ ದೊಡ್ಡ ಪದಕವನ್ನೇ ಕೊಟ್ಟಿತು. ಸುಮ್ನೆ ನೆಪಕ್ಕೆ ಬೋರ್ಡ್ ಹಾಕಿಕೊಂಡವರಿಗೆ ಇದೆಲ್ಲ ಸಿಗುತ್ತಾ?

ಅಡ್ಡಮಾತು:
ಸೇವೆ ನಿಜ, ಒಪ್ಪಿದೆ. ಆದರೆ ಆ ಆಸ್ಪತ್ರೆ ಹೋರಾಟಕ್ಕೂ ಚೆನ್ನಾಗಿ ಒದಗಿತು ಅನ್ನೋದನ್ನ ಬಿಡಬಾರದು. ಚೀನಾ-ರಷ್ಯಾ ನಡುವೆ ಓಡಾಡುವ ಕೊರಿಯನ್ ಹೋರಾಟಗಾರರು ತಂಗುತ್ತಿದ್ದದ್ದು ಅಲ್ಲೇ. 1919ರಲ್ಲಿ ಕಿಮ್ ಕ್ಯು ಸಿಕ್ ಕೊರಿಯಾ ಪರವಾಗಿ ಮಾತಾಡೋಕೆ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಹೊರಟಾಗ ಖರ್ಚಿಗೆ ಇವರೂ ಹಣ ಕೊಟ್ಟರು. ಆಮೇಲೆ ಮಾಸ್ಕೋದ ಕಮ್ಯುನಿಸ್ಟ್ ಸರ್ಕಾರ ಕೊರಿಯನ್ ಹೋರಾಟಗಾರರಿಗೆ ಕೊಟ್ಟ ಚಿನ್ನದಲ್ಲಿ ಒಂದು ಪಾಲನ್ನು ಮಂಗೋಲಿಯಾ ದಾರಿಯಲ್ಲಿ ಸಾಗಿಸುವ ಕೆಲಸದಲ್ಲೂ ಇದ್ದರು. ದೊರೆಯ ವೈದ್ಯ ಅಂದಮೇಲೆ ಗಾಡಿ ತಡೆದು ಪೆಟ್ಟಿಗೆ ಬಿಚ್ಚಿಸೋ ಧೈರ್ಯ ಎಷ್ಟು ಜನಕ್ಕೆ ಇದ್ದೀತು? ಇದು ನನ್ನ ಊಹೆ, ಆದರೆ ಆ ನಂಬಿಕೆ ಇಲ್ಲದೆ ಈ ಕೆಲಸ ಆಗ್ತಿರಲಿಲ್ಲ.

ಓದುಹುಳ:
ಹಾಗಾದ್ರೆ ಜಪಾನಿಗಳೇ ಹಿಡಿದು ಕೊಂದರಾ?

ಹಳೇಪುಟ:
ಇಲ್ಲ, ಕೊಂದದ್ದು ರಷ್ಯಾದ ಬಿಳಿ ಸೇನೆ, ಅಂದರೆ ಕಮ್ಯುನಿಸ್ಟರ ವಿರುದ್ಧ ಹೋರಾಡುತ್ತಿದ್ದ ಪಡೆ. 1921ರ ಫೆಬ್ರವರಿಯಲ್ಲಿ ಅದರ ನಾಯಕರಲ್ಲೊಬ್ಬನಾದ ಬ್ಯಾರನ್ ಉಂಗರ್ನ್ ಅನ್ನೋ ಕ್ರೂರಿ ಊರ್ಗಾವನ್ನು, ಅಂದರೆ ಈಗಿನ ಉಲಾನ್‌ಬಾತರನ್ನು, ಚೀನೀ ಪಡೆಯಿಂದ ಕಿತ್ತುಕೊಂಡ. ಅವನ ಸೈನಿಕರು ಊರಲ್ಲಿ ಯಹೂದಿಗಳನ್ನೂ, ಕೆಂಪು ಪಕ್ಷದವರು, ಅಂದರೆ ಕಮ್ಯುನಿಸ್ಟರು, ಅಂತ ಅನುಮಾನ ಬಂದವರನ್ನೂ ಕೊಂದರು. ಲೀ ಕೂಡ ಅವರ ಕೈಗೇ ಸಿಕ್ಕಿದ್ದು. ವಿಚಿತ್ರ ನೋಡಿ, ಬೊಗ್ದ್ ಖಾನ್‌ನನ್ನು ಮತ್ತೆ ಗದ್ದುಗೆಗೆ ಕೂರಿಸಿದ ಸೇನೆಯೇ ಅವನ ವೈದ್ಯರನ್ನು ಕೊಂದಿತು. ಆಗ ಅವರಿಗೆ ನಲವತ್ತೂ ಆಗಿರಲಿಲ್ಲ.

ದಾರಿಹೋಕ:
ಇದೇ ಸಾಲಿನಲ್ಲಿ ಇನ್ನೊಬ್ಬ ಕೊರಿಯನ್ ಹೋರಾಟಗಾರ ಸೊ ಜೇ ಪಿಲ್ ಬಗ್ಗೆಯೂ ಓದಿ. ಅಮೆರಿಕದಲ್ಲಿ ವೈದ್ಯಕೀಯ ಓದಿ ಡಾಕ್ಟರ್ ಆದವರು. 1919ರಲ್ಲಿ ಫಿಲಡೆಲ್ಫಿಯಾದಲ್ಲಿ ಕೊರಿಯನ್ನರ ದೊಡ್ಡ ಸಭೆ ನಡೆಸಿದರು, ಹೋರಾಟಕ್ಕೆ ಕೈಯಿಂದ ಖರ್ಚು ಮಾಡಿ ವ್ಯಾಪಾರ ಮುಳುಗಿತು. ಆಮೇಲೆ ಅರವತ್ತರ ಹೊತ್ತಿಗೆ ಮತ್ತೆ ಡಾಕ್ಟರ್ ಕೆಲಸಕ್ಕೇ ವಾಪಸ್. ಲೀಗೆ ರೋಗಿಗಳಿಂದ ಹೋರಾಟಕ್ಕೆ ಬಲ ಬಂತು, ಇವರಿಗೆ ಹೋರಾಟ ಎಲ್ಲ ತಿಂದಮೇಲೆ ಹೊಟ್ಟೆಗೆ ಉಳಿದದ್ದು ಅದೊಂದೇ.

ಓದುಹುಳ:
ಥ್ಯಾಂಕ್ಸ್ ಎಲ್ಲರಿಗೂ. ಊರ್ಗಾ ಬಗ್ಗೆ ಇನ್ನಷ್ಟು ಹುಡುಕ್ತೀನಿ, ಆ ಉಂಗರ್ನ್ ಕಥೆಯೇ ಬೇರೆ ಚರ್ಚೆಗೆ ಆಗುವಷ್ಟಿದೆ ಅಲ್ವಾ.