ಪ್ರಶ್ನೋತ್ತರ: ನಡಿಗೆಯ ತೊಂದರೆಗೆ ದೇಹದೊಳಗೆ ಕೂರಿಸುವ ನರಪ್ರಚೋದಕ

ಪ್ರಶ್ನೆ (ಮದ್ದೂರಿನ ಸದಸ್ಯರು): ಮೇಡಂ, ನಮ್ಮ ತಂದೆಯವರಿಗೆ ಲಕ್ವ ಹೊಡೆದ ಮೇಲೆ ಎಡಪಾದದ ಮುಂಭಾಗ ಮೇಲೇಳುವುದಿಲ್ಲ. ಹೊಸ್ತಿಲು ದಾಟುವಾಗ ಬೆರಳು ತಗುಲಿ ಎಡವುತ್ತಾರೆ. ಸದಾ ಬರಿಗಾಲಲ್ಲಿ ಓಡಾಡಿದವರಾದ್ದರಿಂದ ಆಸ್ಪತ್ರೆಯಲ್ಲಿ ಕೊಟ್ಟ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿಕೊಳ್ಳಲು ಒಪ್ಪುತ್ತಿಲ್ಲ. ನರಕ್ಕೆ ಕರೆಂಟು ಕೊಡುವ ಯಂತ್ರವನ್ನು ಕಾಲಿನೊಳಗೇ ಕೂರಿಸುತ್ತಾರಂತೆ. ಇವರಿಗೆ ಅದು ಆಗಬಹುದೇ?

ಉತ್ತರ (ಪುನಶ್ಚೇತನ ವೈದ್ಯೆ, ಮೈಸೂರು): ಲಕ್ವದಲ್ಲಿ ಹಾನಿಯಾಗಿರುವುದು ಮಿದುಳಿಗೆ. ಮೊಣಕಾಲಿನ ಹೊರಬದಿಯಲ್ಲಿ, ಕೈಗೆ ಸಿಗುವ ಮೂಳೆಯ ಗಂಟಿನ ಹಿಂದಿನಿಂದ ಸುತ್ತಿಕೊಂಡು ಇಳಿಯುವ ಪೆರೋನಿಯಲ್ ನರವೂ, ಪಾದವನ್ನು ಎತ್ತುವ ಸ್ನಾಯುವೂ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಮೇಲಿನಿಂದ ಅಪ್ಪಣೆ ಬರುವುದಷ್ಟೇ ನಿಂತಿರುತ್ತದೆ. ಹಿಮ್ಮಡಿ ನೆಲ ಬಿಟ್ಟ ಕ್ಷಣದಲ್ಲಿ ಆ ನರಕ್ಕೆ ಸಣ್ಣ ವಿದ್ಯುತ್ ಮಿಡಿತಗಳನ್ನು ಕೊಟ್ಟರೆ ಪಾದ ಮೇಲೇಳುತ್ತದೆ ಎಂಬುದನ್ನು ವೈದ್ಯ ಲಿಬರ್ಸನ್ ಮತ್ತು ಸಂಗಡಿಗರು 1961ರಲ್ಲೇ ಪ್ರಕಟಿಸಿದ್ದಾರೆ. ಆದರೆ ಅಪಘಾತದಿಂದಲೋ ಕುಷ್ಠದಿಂದಲೋ ನರವೇ ಹಾಳಾಗಿದ್ದರೆ ಈ ವಿಧಾನ ಕೆಲಸ ಮಾಡುವುದಿಲ್ಲ.

ಆದ್ದರಿಂದ ಶಸ್ತ್ರಚಿಕಿತ್ಸೆಯ ಮಾತಿಗೆ ಮುಂಚೆ, ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಪ್ರಚೋದಿಸುವ ಯಂತ್ರದಿಂದ ಪಾದ ಏಳುತ್ತದೆಯೇ, ಕಣಕಾಲಿನ ಕೀಲು ಬಿಗಿದುಕೊಂಡಿದೆಯೇ ಎಂಬುದನ್ನು ಫಿಸಿಯೋಥೆರಪಿ ವಿಭಾಗದಲ್ಲಿ ನೋಡಿಸಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದರೆ ಅದನ್ನು ಮೊದಲೇ ಹೇಳಬೇಕು.

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು): ಪ್ಯಾಡಿನಿಂದಲೇ ಪಾದ ಏಳುವುದಾದರೆ ಒಳಗೆ ಕೂರಿಸುವುದೇಕೆ? ತಯಾರಿಕೆಯಲ್ಲಿ ಕಷ್ಟವಾದದ್ದು ಯಾವುದು?

ಉತ್ತರ: ಪ್ಯಾಡನ್ನು ದಿನವೂ ಅದೇ ಜಾಗಕ್ಕೆ ಅಂಟಿಸಬೇಕು, ಸ್ವಲ್ಪ ಸರಿದರೂ ಪಾದ ಏಳುವ ಬದಲು ಹೊರಕ್ಕೆ ತಿರುಗುತ್ತದೆ, ಚರ್ಮವೂ ಚುರುಗುಟ್ಟುತ್ತದೆ. ಒಳಗಿನ ಎಲೆಕ್ಟ್ರೋಡ್ (ವಿದ್ಯುತ್ತನ್ನು ಮುಟ್ಟಿಸುವ ಲೋಹದ ತುದಿ) ನರಕ್ಕೇ ತಾಗಿ ಕೂರುವುದರಿಂದ ಈ ರಗಳೆ ತಪ್ಪುತ್ತದೆ. ಸ್ಟಿಮುಸ್ಟೆಪ್ ಎಂಬ ಸಾಧನ ಪೆರೋನಿಯಲ್ ನರದ ಎರಡು ಕವಲುಗಳನ್ನು ಬೇರೆಬೇರೆಯಾಗಿ ಪ್ರಚೋದಿಸುತ್ತದೆ: ಒಂದರಿಂದ ಪಾದ ಮೇಲೇಳುತ್ತದೆ, ಇನ್ನೊಂದರಿಂದ ಹೊರಕ್ಕೆ ವಾಲುತ್ತದೆ, ಎರಡನ್ನೂ ಹೊಂದಿಸಿದಾಗ ಪಾದ ನೇರವಾಗಿ ನಿಲ್ಲುತ್ತದೆ. ಒಳಗೆ ಬ್ಯಾಟರಿ ಇರುವುದಿಲ್ಲ. ಹೊರಗೆ ಕಟ್ಟಿಕೊಂಡ ಘಟಕ ಚರ್ಮದ ಮೂಲಕವೇ ರೇಡಿಯೊ ಅಲೆಗಳಿಂದ ಶಕ್ತಿ ರವಾನಿಸುತ್ತದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಬರುವ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟ್‌ನಲ್ಲಿಯೂ ಇದೇ ಏರ್ಪಾಡು.

ಕಷ್ಟ ಇರುವುದು ಬಾಳಿಕೆಯಲ್ಲಿ. ಪ್ರತಿ ಹೆಜ್ಜೆಗೂ ಮೊಣಕಾಲು ಮಡಿಸುವಾಗ ತಂತಿ ಬಾಗುತ್ತದೆ, ದೇಹದ ದ್ರವ ಎಲ್ಲಿಂದಲಾದರೂ ನುಸುಳಲು ನೋಡುತ್ತದೆ. ಎಲೆಕ್ಟ್ರೋಡನ್ನು ನರಕ್ಕೆ ಹಿಡಿದಿಡುವ ಸುತ್ತುಪಟ್ಟಿ ಬಿಗಿಯಾಗಿದ್ದರೆ ಶಸ್ತ್ರಚಿಕಿತ್ಸೆಯ ನಂತರ ಊದಿಕೊಳ್ಳುವ ನರ ಅದರೊಳಗೆ ನಲುಗುತ್ತದೆ. ಪ್ರತಿ ಮಿಡಿತದ ಹಿಂದೆಯೇ ಅಷ್ಟೇ ಪ್ರಮಾಣದ ವಿರುದ್ಧ ಮಿಡಿತ ಕೊಡದಿದ್ದರೆ ಎಲೆಕ್ಟ್ರೋಡ್ ಸವೆದು ಸುತ್ತಲಿನ ಅಂಗಾಂಶವೂ ಕೆಡುತ್ತದೆ. ಇದರ ಮೇಲೆ, ವಿದ್ಯುತ್ತು ದಪ್ಪ ನರತಂತುಗಳನ್ನೇ ಮೊದಲು ಎಬ್ಬಿಸುತ್ತದೆ, ಅವುಗಳ ಸ್ನಾಯು ಬೇಗ ದಣಿಯುತ್ತದೆ. ಸಹಜ ನಡಿಗೆಯಲ್ಲಿ ಸಣ್ಣ ತಂತುಗಳದ್ದು ಮೊದಲ ಸರದಿ.

ವಿನ್ಯಾಸಕ್ಕೆ ಕೈಹಾಕುವ ನಿಮ್ಮಂಥವರಿಗೆ ಒಂದು ಮಾತು: ಹಿಮ್ಮಡಿ ನೆಲ ಬಿಟ್ಟದ್ದನ್ನು ಗುರುತಿಸುವ, ಹಿಮ್ಮಡಿಯಡಿಯ ಸ್ವಿಚ್ಚನ್ನು ಚಪ್ಪಲಿ, ಬೂಟುಗಳನ್ನು ನಂಬಿ ಮಾಡಿದ್ದಾರೆ. ಮನೆಯೊಳಗೂ ಗದ್ದೆಯ ಬದುವಿನಲ್ಲೂ ಬರಿಗಾಲಲ್ಲಿ ನಡೆಯುವ ನಮ್ಮ ಜನಕ್ಕೆ, ಮೊಣಕಾಲಿನ ಕೆಳಗೆ ಕಟ್ಟಿ ಕಾಲಿನ ಓರೆಯನ್ನು ಅಳೆಯುವ ಸಂವೇದಕವೇ ಸರಿ ಎಂಬುದು ನನ್ನ ಅಭಿಪ್ರಾಯ. ಮೇಲಿನ ಹಿರಿಯರಿಗೂ ಅಂಥ ಯಂತ್ರವನ್ನೇ ಕೇಳಿ ನೋಡುವುದು ಒಳ್ಳೆಯದು.

ಪ್ರಶ್ನೆ (ಶ್ರೀರಂಗಪಟ್ಟಣದ ಸದಸ್ಯೆ): ನಮ್ಮ ಅಣ್ಣ ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಅವರಿಗೂ ಇದೇ ಸಾಧನವೇ?

ಉತ್ತರ: ಅಲ್ಲಮ್ಮ, ಅದು ಬೇರೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನರವಿಜ್ಞಾನಿ ಕೂರ್ಟೀನ್ ಮತ್ತು ಶಸ್ತ್ರವೈದ್ಯೆ ಬ್ಲಾಕ್ ಅವರ ತಂಡ ಬೆನ್ನುಹುರಿಯ ಹೊದಿಕೆಯ ಮೇಲೆ ಎಲೆಕ್ಟ್ರೋಡ್ ಇರಿಸಿ, ತಿಂಗಳುಗಟ್ಟಲೆ ತರಬೇತಿ ಕೊಟ್ಟು, ಮೂವರು ಆಸರೆಯೊಂದಿಗೆ ನಡೆದುದನ್ನು 2018ರಲ್ಲಿ ಪ್ರಕಟಿಸಿತು. ಅದಿನ್ನೂ ಸಂಶೋಧನೆಯ ಹಂತದ ಚಿಕಿತ್ಸೆ. ಸದ್ಯಕ್ಕೆ ಕೀಲುಗಳು ಬಿಗಿಯದಂತೆ ವ್ಯಾಯಾಮ ಮಾಡಿಸಿ, ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸಿ, ಮೂತ್ರಕೋಶದ ಬಗ್ಗೆ ಜೋಪಾನವಾಗಿರಿ. ತೋರಿಸಲು ಬರುವಾಗ ಹಳೆಯ ಎಂಆರ್‌ಐ ಚಿತ್ರಗಳನ್ನು ಮರೆಯದೆ ತನ್ನಿ.