ಒಂದು ಕೋತಿ ಸತ್ತರೆ ಅದು ಕಲಿತದ್ದೂ ಹೋಗುತ್ತಾ?

ಸಕಲೇಶಪುರದ ತೋಟದವಳು:
ನಮ್ಮದು ಸಣ್ಣ ಕಾಫಿ ತೋಟ. ಕಣದ ಮೂಲೆಯಲ್ಲಿ ನೀರಿನ ಡ್ರಮ್ ಇದೆ. ನಲ್ಲಿಯ ಹಿಡಿ ಮೇಲೆತ್ತಿದರೆ ನೀರು ಬರುತ್ತದೆ. ಕಿವಿ ಹರಿದ ಒಂದು ಹೆಣ್ಣು ಕೋತಿ ಎರಡು ಬೇಸಿಗೆಯಿಂದ ಅದನ್ನು ಎತ್ತಿ ಕುಡಿಯುತ್ತಿತ್ತು. ಬೆರಳಿಂದಲ್ಲ, ಮಣಿಕಟ್ಟಿನಿಂದ ನೂಕುತ್ತಿತ್ತು. ಮರಿ ಪಕ್ಕದಲ್ಲೇ ಕೂತು, ಮೂತಿ ಒದ್ದೆಯಾಗುವಷ್ಟು ಹತ್ತಿರದಿಂದ ನೋಡುತ್ತಿತ್ತು. ಹೇಮಾವತಿ ಆಚೆ ನಮ್ಮ ಭಾವನ ತೋಟದಲ್ಲೂ ಡ್ರಮ್ ಇದೆ. ಅಲ್ಲಿನ ಕೋತಿಗಳು ಮುಟ್ಟುವುದೂ ಇಲ್ಲ.

ಹೋದ ವಾರ ಆ ತಾಯಿ ಕರೆಂಟ್ ತಂತಿ ತಗುಲಿ ಸತ್ತುಹೋಯಿತು. ನಾನೇ ನಿಂತು ಸಿಲ್ವರ್ ಮರದ ಬುಡದಲ್ಲಿ ಮಣ್ಣು ಮಾಡಿಸಿದೆ. ಚಿಂಪಾಂಜಿಗಳಲ್ಲಿ ಗುಂಪಿಗೊಂದು ರೂಢಿ ಇರುತ್ತದೆ ಎಂದು ಓದಿದ್ದೆ. ಶುರು ಮಾಡಿದ್ದು ಹೋದ ಮೇಲೂ ರೂಢಿ ಉಳಿಯುತ್ತಾ?

ಹಾಸನದ ಬಯಾಲಜಿ ಮೇಷ್ಟ್ರು:
ಉಳಿದದ್ದಿದೆ ಅಮ್ಮ. ಜಾಂಬಿಯಾದಲ್ಲಿ ಚಿಮ್‌ಫುನ್ಶಿ ಎಂಬ ಆಶ್ರಯಧಾಮವಿದೆ. ಅಲ್ಲಿ ಜೂಲಿ ಎಂಬ ಹೆಣ್ಣು ಚಿಂಪಾಂಜಿ ಹುಲ್ಲುಕಡ್ಡಿಯೊಂದನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತಿತ್ತು. ಅದರಿಂದ ಹೊಟ್ಟೆ ತುಂಬುವುದಿಲ್ಲ, ಯಾವ ಉಪಯೋಗವೂ ಕಾಣಲಿಲ್ಲ. ಆದರೂ ಗುಂಪಿನ 12ರಲ್ಲಿ 8 ಹಾಗೇ ಮಾಡತೊಡಗಿದವು. ಆಗ ಧಾಮದ ಬೇರೆ ಗುಂಪುಗಳಲ್ಲಿ ಅದು ರೂಢಿಯಾಗಿರಲಿಲ್ಲ. ಜೂಲಿ ಸತ್ತ ಮೇಲೂ ಉಳಿದವು ಬಿಡಲಿಲ್ಲ. ಈ ಅಧ್ಯಯನ 2014ರಲ್ಲಿ ಪ್ರಕಟವಾಯಿತು.

ನಿಮ್ಮ ಹೇಮಾವತಿ ಮಾತು ಓದಿ ಐವರಿ ಕೋಸ್ಟ್‌ನ ಸಸಾಂಡ್ರಾ ನದಿ ನೆನಪಾಯಿತು. ಅದರ ಪಶ್ಚಿಮಕ್ಕೆ ಟಾಯ್ ಕಾಡು. ಅಲ್ಲಿನ ಚಿಂಪಾಂಜಿಗಳು ಮರದ ಬೇರಿನ ಮೇಲೆ ಗಟ್ಟಿ ಕಾಯಿ ಇಟ್ಟು, ಕಲ್ಲಿನಿಂದಲೋ ಕೊರಡಿನಿಂದಲೋ ಕುಟ್ಟಿ ತಿನ್ನುತ್ತವೆ. ಪೂರ್ವದ ಕಡೆಯೂ ಕಾಯಿ ಇದೆ, ಕಲ್ಲೂ ಇದೆ. ಕುಟ್ಟುವುದಿಲ್ಲ. ಟಾಯ್‌ನಲ್ಲಿ ನೆಲ ಅಗೆದಾಗ ಅಂಥ ಕುಟ್ಟುಗಲ್ಲುಗಳು ಸಿಕ್ಕಿವೆ, ಸುಮಾರು 4,300 ವರ್ಷ ಹಳೆಯವು. ಎಷ್ಟು ತಾಯಂದಿರನ್ನು ದಾಟಿ ಬಂದಿರಬೇಕು, ಅಲ್ವಾ?

ಮೂಡಿಗೆರೆ ಹುಡುಗ:
ಅಕ್ಕಾ, ಒಂದು ಮಾತು. ಭಾವನ ಮನೆಯ ನಲ್ಲಿಯೂ ಎತ್ತುವಂಥದ್ದೇನಾ, ತಿರುಗಿಸುವಂಥದ್ದಾ? ಹತ್ತಿರದಲ್ಲೇ ನೀರು ಸಿಗುವಾಗ ಡ್ರಮ್ ಯಾಕೆ ಬೇಕು ಅವಕ್ಕೆ? ಇದನ್ನೆಲ್ಲ ನೋಡದೆ ಸುಮ್ನೆ ರೂಢಿ ಅನ್ನುವುದು ಅವಸರವಾಗುತ್ತದೆ.

ಮತ್ತೆ, ಚಿಂಪಾಂಜಿಗಳಲ್ಲಿ ಪ್ರಾಯಕ್ಕೆ ಬಂದ ಹೆಣ್ಣು ಸಾಮಾನ್ಯವಾಗಿ ಬೇರೆ ಗುಂಪು ಸೇರುತ್ತದೆ. ನಮ್ಮ ಕೋತಿಗಳಲ್ಲಿ ಹೊರಗೆ ಹೋಗುವುದು ಗಂಡು. ಹೆಣ್ಣು ಹುಟ್ಟಿದ ಗುಂಪಲ್ಲೇ ಇರುತ್ತದೆ. ಆ ಮರಿ ಹೆಣ್ಣಾದರೆ, ಕಲಿತದ್ದು ನಿಮ್ಮ ಕಣದಲ್ಲೇ ಉಳಿಯುವ ಸಾಧ್ಯತೆ ಜಾಸ್ತಿ. ಅಮ್ಮನ ಹಾಗೇ ಎತ್ತುತ್ತಾ, ಬೇರೆ ಥರಾನಾ, ನೋಡಿ ಹೇಳಿ.

ಸಕಲೇಶಪುರದ ತೋಟದವಳು:
ಭಾವನಿಗೆ ಫೋನ್ ಮಾಡಿದೆ. ನಲ್ಲಿ ಎತ್ತುವಂಥದ್ದೇ. ಆದರೆ ಡ್ರಮ್ಮಿನಿಂದ ಹತ್ತು ಮಾರು ದೂರದಲ್ಲಿ ವರ್ಷವಿಡೀ ಹರಿಯುವ ತೊರೆ ಇದೆಯಂತೆ. ನೀನು ಹೇಳಿದ್ದು ಸರಿ ತಮ್ಮ, ಆ ಹೋಲಿಕೆ ಬಿಟ್ಟೆ.

ಮರಿ ಹೆಣ್ಣೇ. ಇವತ್ತು ಬೆಳಿಗ್ಗೆ ಒಂದೇ ಬಂತು. ಮೊದಲು ಹಿಡಿಯನ್ನು ಕಚ್ಚಿ ಎಳೆಯಿತು. ಎರಡೂ ಕೈ ಹಾಕಿ ಜೋತುಬಿತ್ತು. ಬರಲಿಲ್ಲ. ಆಮೇಲೆ ಕೆಳಗೆ ತೂರಿ ನೆತ್ತಿಯಿಂದ ನೂಕಿತು. ನಾಲ್ಕು ಹನಿ ಬಿದ್ದವು, ನೆಕ್ಕಿಕೊಂಡು ಹೋಯಿತು. ನಾನು ಅಲ್ಲೇ ಕೂತು ಅತ್ತೆ. ಮೇಷ್ಟ್ರೇ, ಚಿಂಪಾಂಜಿ ಮರಿಗಳಿಗೆ ಕಲಿಯಲು ಎಷ್ಟು ಕಾಲ ಬೇಕು?

ಹಾಸನದ ಬಯಾಲಜಿ ಮೇಷ್ಟ್ರು:
ಗಿನಿಯ ಬೊಸ್ಸೂ ಎಂಬಲ್ಲಿ ಮರಿಗಳಿಗೆ ಕಾಯಿ ಕುಟ್ಟುವುದು ಕೈಹತ್ತುವುದು 3ರಿಂದ 5 ವರ್ಷದ ವಯಸ್ಸಿನಲ್ಲಿ. ಅದಕ್ಕೂ ಮೊದಲು ಕಲ್ಲು ಉರುಳಿಸುತ್ತವೆ, ಬರಿಗೈಯಿಂದ ಕಾಯಿಗೆ ಹೊಡೆಯುತ್ತವೆ. ನಿಮ್ಮ ಮರಿ ನೆತ್ತಿ ಹಾಕಿದ್ದೂ ಹಾಗೇ ಇರಬಹುದು. ಡ್ರಮ್ ಖಾಲಿ ಬಿಡಬೇಡಿ ಅಮ್ಮ.